ಹೊಲಿಗೆ ಖೋಲಿಗೆ ಫರಸಿ ಹಾಕಿಸಿದ ಕಥೆ

"ಸಂಡಾಸಕ್ಕ ಹಾಕೋ ಕಲ್ಲು ತಂದು ಹೊಲಿಗಿ ಖೋಲಿಗಿ ಹಾಕಸ್ಲತ್ತೀರೇನ್ರಿ ವೈನಿ?" ಎಂದು ನಮ್ಮ ಮೈದುನ ನಕ್ಕಿದ್ದು 2022ರ ಫೆಬ್ರವರಿಯಲ್ಲಿ, ನಾನು ಹೊಲಿಗೆ ಖೋಲಿಯ (ಕೋಣೆಯ) ನೆಲಕ್ಕೆ ಫರಸಿ, ಅಂದರೆ ಶಹಾಬಾದಿನ ಹಾಸುಗಲ್ಲು, ಹಾಕಿಸಲು ಹೊರಟಾಗ. ಅವನು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನು, ನಗುವ ಹಕ್ಕಿತ್ತು ಅನ್ನಿ. ನಮ್ಮ ಮನೆಯವರು ನಗಲಿಲ್ಲ, ಎರಡು ದಿನ ಮಾತೂ ಆಡಲಿಲ್ಲ. ಎದುರು ಮನೆಯ ಟೇಲರ್ ಅಕ್ಕ ಮಾತ್ರ ನೇರವಾಗಿ ಕೇಳಿಬಿಟ್ಟರು: "ರೊಕ್ಕ ಕಮ್ಮಿ ಬಿತ್ತೇನವ್ವಾ?" ಹೋದ ತಿಂಗಳು ಅದೇ ಅಕ್ಕ ಟೇಪು ಹಿಡಿದು ಬಂದು ನನ್ನ ಖೋಲಿಯ ಕಲ್ಲುಗಳನ್ನು ಅಳೆದುಕೊಂಡು ಹೋದರು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಹೊಲಿಗೆ ಬಲ್ಲವರಿಗೆ ಬರೆಯುತ್ತಿರುವುದರಿಂದ ಮಷೀನಿನ ಪಾಠ ಹೇಳುವುದಿಲ್ಲ. ನನ್ನ ಖೋಲಿ 12 ಅಡಿ ಅಗಲ, 14 ಅಡಿ ಉದ್ದ. ಒಂದು ಜುಕಿ (ಮೋಟರಿನ ಹೊಲಿಗೆ ಮಷೀನು), ನಮ್ಮ ಅವ್ವನ ಕಾಲದ ಒಂದು ಕಾಲ್ಮಷೀನು, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್. ಮುಂಜಾನೆ ಬ್ಲೌಸು, ಫಾಲ್-ಪಿಕೋ; ಊಟ ಆದ ಮೇಲೆ ಕೌದಿ. ಬರೀ ಬ್ಲೌಸು ಹೊಲಿಯುವವರಿಗೆ ನೆಲ ಯಾವುದಿದ್ದರೂ ನಡೆಯುತ್ತದೆ. ಕೌದಿಯವರಿಗೆ ನೆಲವೇ ಮೇಜು. ಹಳೆ ಸೀರೆ, ಧೋತರ ನಾಲ್ಕೈದು ಪದರು ಹಾಸಿ, ಕೈಯಿಂದ ಎಳೆದು ಎಳೆದು ಸುಕ್ಕು ತೆಗೆದು, ಕಚ್ಚಾ ಟಾಕಿ (ಪದರು ಸರಿಯದಂತೆ ಮೊದಲು ಹಾಕುವ ತಾತ್ಕಾಲಿಕ ಹೊಲಿಗೆ) ಹಾಕುವ ತನಕ ಮೊಣಕಾಲ ಮೇಲೇ ಇರುತ್ತೇವೆ. ಮೇಲಿನ ಪದರು ನೆಟ್ಟಗಿದ್ದು ಕೆಳಗಿನದು ಸರಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು: ಎಂಟು ದಿನ ಹೊಲಿದು ತಿರುಗಿಸಿ ನೋಡಿದಾಗ ಬೆನ್ನಿನ ಮೇಲೆ ನಿರಿಗೆ.

ಈ ಖೋಲಿಗೆ ನಾನು ಹಾಕಿಸಿದ ಮೊದಲ ನೆಲ ಅಗ್ಗದ ಟೈಲ್ಸು. 2016, ಮನೆ ಕಟ್ಟಿಸಿದ ವರ್ಷ. ಕೆನೆ ಬಣ್ಣ, ಕನ್ನಡಿಯಂಥ ಹೊಳಪು. ನೋಡಲಿಕ್ಕೆ ಏನು ಚೆಂದ! ಕೌದಿ ಹಾಸಿದರೆ ಮಾತ್ರ ಕೆಳಗಿನ ಪದರು ಮೀನಿನ ಹಾಗೆ ಜಾರುತ್ತಿತ್ತು. ನಾಲ್ಕು ಮೂಲೆಗೆ ಇಸ್ತ್ರಿ ಪೆಟ್ಟಿಗೆ, ಅಕ್ಕಿ ಡಬ್ಬಿ, ರುಬ್ಬುಗುಂಡು ಇಟ್ಟು ಹೊಲಿದಿದ್ದೇನೆ. ಜುಕಿಯದು ಇನ್ನೊಂದು ತಮಾಷೆ. ಆಗ ಅದಕ್ಕೆ ಕ್ಲಚ್ ಮೋಟರ್ ಇತ್ತು. ಪೆಡಲ್ ಒತ್ತಿದಾಗಲೆಲ್ಲ ಗೋಡೆಯಿಂದ ಕೂದಲೆಳೆಯಷ್ಟು ಮುಂದೆ ಬರುತ್ತಿತ್ತು; ಸಂಜೆಗೆ ನೋಡಿದರೆ ಮೂರ್ನಾಲ್ಕು ಬೆರಳು ಸರಿದಿರುತ್ತಿತ್ತು. ಇವೆಲ್ಲ ತಾಳಿಕೊಳ್ಳಬಹುದಿತ್ತು. ಆದರೆ ಎರಡನೇ ಮಳೆಗಾಲಕ್ಕೆ ಖೋಲಿಯ ನಟ್ಟನಡುವೆ ನಾಲ್ಕು ಟೈಲ್ಸು ಹಪ್ಪಳದ ಹಾಗೆ ಎದ್ದವು. ಬೆರಳಿನಿಂದ ಬಡಿದರೆ ಸುತ್ತಲಿನವೂ ಡಬ್ ಡಬ್ ಅಂದವು.

ತಪ್ಪು ಟೈಲ್ಸಿನದಲ್ಲ, ಕೆಳಗಿನ ಎರೆ ಮಣ್ಣಿನದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ನಮ್ಮ ಹೊಲದಲ್ಲಿ ತೊಗರಿಗೆ ಅದು ಬಂಗಾರ, ಮನೆಯ ಕೆಳಗೆ ಶನಿ. ಮನೆ ಕಟ್ಟಿದವರು ಖೋಲಿಯೊಳಗಿನ ಎರೆ ಮಣ್ಣು ತೆಗೆಯದೆ, ಮೇಲೆ ಒಂದು ಗೇಣು ಮರಂ (ಗರಸು ಮಣ್ಣು) ಉದುರಿಸಿ ಕಾಂಕ್ರೀಟ್ ಎಳೆದಿದ್ದರು. ಅದೇ ಕಂಪನಿಯ, ಅದೇ ಬಣ್ಣದ ಟೈಲ್ಸು ಬೀದರಿನ ನಮ್ಮ ತಂಗಿಯ ಮನೆಯಲ್ಲಿ ಇವತ್ತಿಗೂ ಒಂದು ಬಿರುಕಿಲ್ಲದೆ ಕೂತಿವೆ. ಅವಳ ಮನೆ ನಿಂತಿರುವುದು ಕೆಂಪು ಮುರಕಲ್ಲಿನ ಮೇಲೆ. ಅದು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ನೀವು ಬೀದರಿನವರಾದರೆ ಮುಂದೆ ನಾನು ಹೇಳುವುದರಲ್ಲಿ ಅರ್ಧ ಖರ್ಚು ನಿಮಗೆ ಬೀಳುವುದಿಲ್ಲ.

ಎದ್ದ ಟೈಲ್ಸು ಕಿತ್ತು ಸಿಮೆಂಟು ಮೆತ್ತಿಸಿ, ಮೇಲೆ ಜಮಖಾನ ಹಾಸಿದೆ. 1,800 ರೂಪಾಯಿಯೋ ಏನೋ ಕೊಟ್ಟಿದ್ದೆ. ಪದರು ಸರಿಯುವುದೇನೋ ನಿಂತಿತು. ಮೂರನೇ ದಿನ ಕೌದಿ ಎತ್ತಲು ಹೋದರೆ ಜಮಖಾನವೂ ಜೊತೆಗೆ ಎದ್ದು ಬಂತು, ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ! ಮೂರು ಸಾಲು ಬಿಚ್ಚಬೇಕಾಯಿತು. ಅದನ್ನೂ ನುಂಗಿಕೊಂಡೆ. ಆದರೆ ಜಮಖಾನದ ನೂಲಿನೊಳಗೆ ಸೂಜಿ ಹೊಕ್ಕರೆ ಕಣ್ಣಿಗೆ ಬೀಳುವುದೇ ಇಲ್ಲ. ಮಗಳ ಅಂಗಾಲಿಗೆ 16 ನಂಬರಿನ ಸೂಜಿಯ ಅರ್ಧ ತುಂಡು ಹೊಕ್ಕ ದಿನ ಜಮಖಾನ ಸುತ್ತಿ ಅಟ್ಟಕ್ಕೆ ಹಾಕಿದೆ. ದವಾಖಾನೆ ಖರ್ಚು ಅದರ ಬೆಲೆಗಿಂತ ಹೆಚ್ಚಾಯಿತು.

ಆಮೇಲೆ ವಿನೈಲ್. ಮರದ ಹಲಗೆಯ ಚಿತ್ರ ಇರುವ ಪ್ಲಾಸ್ಟಿಕ್ ಹಾಸು, ಅಂಟು ಹಚ್ಚಿ ಕೂರಿಸುವುದು. ಎಲ್ಲಾ ಸೇರಿ 5,000ದ ಮೇಲೆ ಹೋಯಿತು. ಕಾಲಿಗೆ ಮೆತ್ತಗೆ, ಮಷೀನಿನ ಸದ್ದೂ ಕಡಿಮೆ, ಚಳಿಗಾಲ ಪೂರ್ತಿ ಎಲ್ಲರ ಮುಂದೆ ಹೊಗಳಿದ್ದೇ ಹೊಗಳಿದ್ದು. ಏಪ್ರಿಲ್ ಬಂತು. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ಲ, 42, 43 ಡಿಗ್ರಿ. ಖೋಲಿಯ ಮೇಲೆ ತಗಡಿನ ಪತ್ರಾಸು. ಅಂಟು ಬಿಟ್ಟು ಅಲ್ಲಲ್ಲಿ ಬೊಕ್ಕೆ ಎದ್ದವು, ಜುಕಿಯ ಕಾಲು ನಿಂತಲ್ಲಿ ನಾಲ್ಕು ಗುಳಿ ಬಿದ್ದವು. ಅಷ್ಟರಲ್ಲಿ ಒಂದು ಸಂಜೆ ಇಸ್ತ್ರಿ ಪೆಟ್ಟಿಗೆ ಕೈ ಜಾರಿ ಬಿತ್ತು. ಎತ್ತುವಷ್ಟರಲ್ಲಿ ಪೆಟ್ಟಿಗೆಯ ಆಕಾರದ್ದೇ ಒಂದು ಕಪ್ಪು ಗುರುತು. ಅದರ ಮೇಲೆ ಒಂದು ವರ್ಷ ಮಣೆ ಇಟ್ಟು ಮುಚ್ಚಿದ್ದೆ, ಮನೆಯವರ ಕಣ್ಣಿಗೆ ಬೀಳಬಾರದೆಂದು.

ಮರದ ನೆಲ ಹಾಕಿಸು ಎಂದು ಬೆಂಗಳೂರಿನ ಗಿರಾಕಿಯೊಬ್ಬರು ಹೇಳಿದ್ದರು. ಚದರ ಅಡಿಗೆ ನೂರರ ಮೇಲೆ ಬೆಲೆ ಕೇಳಿದೆ, ಗೆದ್ದಲು ನೆನಪಾಯಿತು, ಫೋನು ಇಟ್ಟೆ.

ಫರಸಿ ತಲೆಗೆ ಬಂದಿದ್ದು ತವರು ಮನೆಗೆ ಹೋದಾಗ. ಅಲ್ಲಿ ಪಡಸಾಲೆಯಲ್ಲಿ ಹಾಸಿರುವುದು ಶಹಾಬಾದಿನ ಕಲ್ಲು, ಅಜ್ಜನ ಕಾಲದ್ದು. ಆ ಪಡಸಾಲೆಯಲ್ಲಿ ನಮ್ಮ ಅಮ್ಮ, ಅಂದರೆ ಅವ್ವನ ಅವ್ವ, ಎಷ್ಟು ಕೌದಿ ಹೊಲಿದಳೋ ಲೆಕ್ಕ ಇಲ್ಲ. ನಾಲ್ಕು ಮೂಲೆಗೆ ಏನೂ ಇಡುತ್ತಿರಲಿಲ್ಲ. ಒಂದು ಹಳೆ ಸೀರೆ ಹಾಸಿ ಕೈ ಎಳೆದು ನೋಡಿದೆ, ಕಲ್ಲು ಬಟ್ಟೆಯನ್ನು ಹಿಡಿಯುತ್ತಿತ್ತು. ಜಮಖಾನದ ಹಾಗೆ ಕಚ್ಚುವುದಿಲ್ಲ, ಟೈಲ್ಸಿನ ಹಾಗೆ ಬಿಟ್ಟುಕೊಡುವುದೂ ಇಲ್ಲ. ಕಣ್ಣ ಮುಂದೆ ಇದ್ದದ್ದಕ್ಕೆ ಆರು ವರ್ಷ ಊರೆಲ್ಲ ತಿರುಗಿದೆ.

ಆದರೂ ಸುಮ್ಮನೆ ದುಡ್ಡು ಹಾಕಲಿಲ್ಲ. ಕಲ್ಲಿನದು ಬೂದು ಬಣ್ಣ, ಸೂಜಿಯೂ ಬೂದು, ಬಿದ್ದರೆ ಕಾಣುತ್ತದೆಯೇ? ಎರಡೆರಡು ಅಡಿಯ ತುಂಡು ತರಿಸಿದೆ: ಹೊಳಪಿನ ಕೆನೆ ಟೈಲ್ಸು, ಕಾಫಿ ಬಣ್ಣದ ಟೈಲ್ಸು, ಉಳಿದಿದ್ದ ವಿನೈಲ್, ಶಹಾಬಾದಿನ ಬೂದು ಕಲ್ಲು, ತಾಂಡೂರಿನ ಹಳದಿ ಕಲ್ಲು. ಒಂದೊಂದರ ಮೇಲೆ ಹತ್ತು ಗುಂಡುಪಿನ್ನು ಚೆಲ್ಲಿ ಮಗಳಿಗೆ ಹೆಕ್ಕಲು ಹೇಳಿದೆ, ಒಂದು ನಿಮಿಷ ಗಡುವು. ರಾತ್ರಿ, ಮೇಲಿನ ಟ್ಯೂಬ್‌ಲೈಟ್ ಬೆಳಕು. ವಿನೈಲ್ ಮೇಲೆ ಐದೋ ಆರೋ ಸಿಕ್ಕವು, ಹಲಗೆಯ ಗೆರೆಯಲ್ಲಿ ಪಿನ್ನು ಕರಗಿಹೋಗುತ್ತದೆ. ಕೆನೆ ಟೈಲ್ಸಿನ ಮೇಲೆ ಏಳು. ಅಲ್ಲಿ ಎಲ್ಲಾ ಹತ್ತೂ ಸಿಗುತ್ತವೆ ಅಂದುಕೊಂಡಿದ್ದೆ, ಆದರೆ ಟ್ಯೂಬ್‌ಲೈಟಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಬೂದು ಕಲ್ಲಿನ ಮೇಲೆ ಆರು. ಅಯ್ಯೋ ಅನ್ನಿಸಿತು. ಆಮೇಲೆ ಕರೆಂಟು ಹೋಯಿತು. ಮಗಳು ಚಾರ್ಜಿಂಗ್ ಲೈಟು ತಂದು ನೆಲದ ಮೇಲೇ ಇಟ್ಟಳು. ಕಲ್ಲಿನ ಮೇಲೆ ಒಂದೊಂದು ಪಿನ್ನಿಗೂ ಅದರ ನಾಲ್ಕರಷ್ಟು ಉದ್ದದ ನೆರಳು! ಹತ್ತಕ್ಕೆ ಹತ್ತು. ಬೆಳಕು ಮೇಲಿನಿಂದ ಬೀಳಬಾರದು, ನೆಲವನ್ನು ಸವರಿಕೊಂಡು ಹೋಗಬೇಕು. ಈಗ ನನ್ನ ಖೋಲಿಯ ಒಂದು ಗೋಡೆಗೆ ನೆಲದಿಂದ ಗೇಣು ಮೇಲೆ ಒಂದು ಎಲ್‌ಇಡಿ ಪಟ್ಟಿ ಇದೆ, 250 ರೂಪಾಯಿಯದು. ಅಂಗಡಿ ಮುಚ್ಚುವ ಮುಂಚೆ ಅದೊಂದನ್ನೇ ಹಚ್ಚಿ, ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಒಂದು ಸುತ್ತು ಆಡಿಸುತ್ತೇನೆ. ಹಿತ್ತಾಳೆ ಪಿನ್ನು ಅದಕ್ಕೆ ಅಂಟುವುದಿಲ್ಲ, ಅದಕ್ಕೇ ಹಿತ್ತಾಳೆಯವನ್ನು ಮನೆಯಿಂದಲೇ ಹೊರಗೆ ಹಾಕಿದೆ.

ಕಲ್ಲಿಗೆ ಶಹಾಬಾದಿಗೆ ನಾನೇ ಹೋದೆ. ಇಲ್ಲಿಂದ ಒಂದು ತಾಸಿನ ದಾರಿಯೂ ಅಲ್ಲ. ನಗರದ ಅಂಗಡಿಯಲ್ಲಿ ಚದರ ಅಡಿಗೆ 38 ಹೇಳಿದ್ದನ್ನು ಅಲ್ಲಿ 30ಕ್ಕೆ ಇಳಿಸಿದೆ. ಟೆಂಪೋ ಬಾಡಿಗೆ 800 ಬೇರೆ. ಕಲ್ಲು ಪದರು ಪದರಾಗಿ ಏಳುವಂಥದ್ದು, ಖಣಿಯಿಂದಲೇ ಹಾಸಿನ ಹಾಗೆ ಬರುತ್ತದೆ. ಒಂದೊಂದನ್ನೂ ನಿಲ್ಲಿಸಿ ರೂಪಾಯಿ ನಾಣ್ಯದಿಂದ ಬಡಿಯಬೇಕು. ಠಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗೆ ಪದರು ಬಿಟ್ಟಿದೆ. ಅಂಗಡಿಯ ಹುಡುಗ ಬೇಸರಪಟ್ಟುಕೊಂಡ, 48 ಕಲ್ಲು ಆರಿಸಲು ಎಪ್ಪತ್ತರ ಹತ್ತಿರ ಬಡಿದೆ. ದಪ್ಪ ಒಂದೂಕಾಲು ಇಂಚು.

ಇನ್ನು ನನ್ನ ಜಾಣತನದ ಮಾತು. ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಕಲ್ಲುಗಳನ್ನೆಲ್ಲ ಎರಡಡಿ ಚೌಕಕ್ಕೆ, ಒಂದು ಸೂತು (ಇಂಚಿನ ಎಂಟರಲ್ಲಿ ಒಂದು ಪಾಲು) ಕಡಿಮೆ ಮಾಡಿ ಕತ್ತರಿಸಲು ಹೇಳಿದೆ. ಸಂದಿನ ಸಿಮೆಂಟು ಸೇರಿದರೆ ಸರಿಯಾಗಿ ಎರಡಡಿ ಬರಬೇಕು. ಯಾಕೆಂದರೆ ನೆಲವೇ ನನ್ನ ಅಳತೆಪಟ್ಟಿ ಆಗಬೇಕಿತ್ತು. ಒಂಟಿ ಕೌದಿ ಎರಡು ಕಲ್ಲು ಅಗಲ, ಮೂರು ಕಲ್ಲು ಉದ್ದ. ಜೋಡಿ ಕೌದಿ ಮೂರು ಕಲ್ಲು, ನಾಲ್ಕು ಕಲ್ಲು. ಟೇಪೂ ಬೇಡ, ಚಾಕಿನ ಗೆರೆಯೂ ಬೇಡ. ಇದರ ಹಿಂದೆ ಒಂದು ಸಂಕಟ ಇದೆ. ಅದರ ಹಿಂದಿನ ವರ್ಷ ಬೆಂಗಳೂರಿಗೆ ಕಳಿಸಿದ ಕೌದಿಯೊಂದು ಒಂದು ಕಡೆ ಮೂರು ಇಂಚು ಹೆಚ್ಚಾಗಿತ್ತು, 2,200ರಲ್ಲಿ 500 ಹಿಡಿದುಕೊಂಡರು. ಜಾರುವ ನೆಲದ ಮೇಲೆ ಚೌಕ ಹಿಡಿಯುವುದು ಎಷ್ಟು ಕಷ್ಟ ಎಂದು ಕೊಳ್ಳುವವರಿಗೆ ಹೇಗೆ ಹೇಳುವುದು?

ಕಲ್ಲು ಕೂರಿಸುವ ಗೌಂಡಿ ಕಾಕಾ ಮೊದಲು ಒಪ್ಪಲಿಲ್ಲ. "ಖೋಲಿನೇ ಎರಡ್ ಇಂಚ್ ವಾರಿ ಅದಾದ ಅಕ್ಕಾರ, ಕಲ್ಲು ಹ್ಯಾಂಗ್ ನೆಟ್ಟಗ ಕುಂದರ್ತಾವ?" ಕಿಟಕಿಯ ಮೂಲೆಯಿಂದ ಶುರು ಮಾಡಿ, ಓರೆಯೆಲ್ಲ ಕಪಾಟಿನ ಕಡೆಯ ಗೋಡೆಗೆ ತಳ್ಳಿ ಅಂದೆ. ಬ್ಲೌಸಿನಲ್ಲಿ ಹೆಚ್ಚುಕಡಿಮೆ ಆದದ್ದನ್ನು ನಾವು ಕಂಕುಳ ಕೆಳಗೆ ತಳ್ಳುವುದಿಲ್ಲವೇ, ಹಾಗೆ. ಅವರ ಮೂಲೆಮಟ್ಟದ ಮೇಲೆ ನನಗೆ ಭರವಸೆ ಬರಲಿಲ್ಲ. ದಾರ ತೆಗೆದುಕೊಂಡು ಮೂರು ಕಲ್ಲು ಒಂದು ಕಡೆ, ನಾಲ್ಕು ಕಲ್ಲು ಇನ್ನೊಂದು ಕಡೆ ಗುರುತು ಮಾಡಿ ಓರೆಯಾಗಿ ಎಳೆದೆ: 6, 8 ಅಡಿ ಇದ್ದರೆ ಓರೆ ಸರಿಯಾಗಿ 10 ಅಡಿ ಬರಬೇಕು. ಮುಕ್ಕಾಲು ಇಂಚು ಹೆಚ್ಚು ಬಂತು. ಕಾಕಾ ತಮ್ಮ ಟೇಪು ಹಿಡಿದು ಮತ್ತೆ ನೋಡಿದರು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು, ಕೂರಿಸಿದ್ದ ಏಳು ಕಲ್ಲು ಎತ್ತಿದರು. ಒಂದು ಮಾತೂ ಆಡಲಿಲ್ಲ.

ಅದಕ್ಕೂ ಮೊದಲು ನೆಲ ಅಗೆದದ್ದೇ ದೊಡ್ಡ ಕೆಲಸ. ಹಳೆಯದೆಲ್ಲ ಒಡೆದು ಒಂದೂವರೆ ಅಡಿ ಎರೆ ಮಣ್ಣು ತೆಗೆಸಿದೆ, ಇಬ್ಬರು ಆಳು, ಎರಡು ದಿನ. ಮೂರು ಟ್ರಾಕ್ಟರ್ ಮರಂ ಬಿತ್ತು. ಒಂದೇ ಸಲ ಸುರಿಯಬೇಡಿ. ಅರ್ಧ ಅಡಿ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ. ಆಳುಗಳು ಎರಡನೇ ಪದರಿಗೇ ಸಾಕು ಅಂದರು, ನಾನು ಚಹಾ ಕೊಟ್ಟು ಮತ್ತೆ ಬಡಿಸಿದೆ. ಆಮೇಲೆ ಕಾಂಕ್ರೀಟ್, ಅದರ ಮೇಲೆ ಒಂದೂವರೆ ಇಂಚು ಗಾರೆ, ಅದರ ಮೇಲೆ ಕಲ್ಲು.

ಸಂದಿಗೆ ಬರೀ ಸಿಮೆಂಟು ತುಂಬಿಸಲಿಲ್ಲ, ಬಣ್ಣ ಸೇರಿಸಿದೆ. ಗೆರೆ ಎದ್ದು ಕಾಣಬೇಕು, ಆದರೆ ಒದ್ದೆ ಬಟ್ಟೆಗೆ ಬಣ್ಣ ಹತ್ತಬಾರದು. ಯಾವ ಬಣ್ಣ, ಎಷ್ಟಕ್ಕೆ ಎಷ್ಟು, ಜೊತೆಗೆ ಇನ್ನೇನು ಹಾಕಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲ ಕೆಡಿಸಿಕೊಂಡು ಕಲಿತದ್ದು. ಎದುರು ಮನೆಯ ಅಕ್ಕನಿಗೂ ಹೇಳಿಲ್ಲ.

ಎಲ್ಲಾ ಕೂತ ಮೇಲೆ ಕಲ್ಲಿನ ಮೇಲೆ ಬಿದ್ದ ಸಿಮೆಂಟಿನ ಕಲೆ ತೆಗೆಯಲು ಆಳೊಬ್ಬ ಆ್ಯಸಿಡ್ ತಂದ. ನಾನು ಅಡುಗೆಮನೆಯಲ್ಲಿದ್ದೆ. ಬುಸ್ ಎನ್ನುವ ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಎರಡು ಕಲ್ಲು ಬೆಳ್ಳಗಾಗಿ ಒರಟಾಗಿದ್ದವು. ಇದು ಸುಣ್ಣದ ಕಲ್ಲು. ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಹುಟ್ಟಿದ್ದೇ ಇಂಥ ಕಲ್ಲನ್ನು ನಂಬಿ. ಆ್ಯಸಿಡ್ ಬಿದ್ದರೆ ಕುದಿದು ಹೋಗುತ್ತದೆ. ನಿಂಬೆ ರಸ, ಹುಣಸೆ ನೀರು ಬಿದ್ದರೂ ಮಚ್ಚೆ ಉಳಿಯುತ್ತದೆ. ಆ ಎರಡು ಕಲ್ಲಿನ ಮೇಲೆ ಈಗ ಓವರ್‌ಲಾಕ್ ನಿಂತಿದೆ.

ಪಾಲಿಶ್ ಮಷೀನಿನವನ ಜೊತೆ ಇನ್ನೊಂದು ಜಗಳ. ನನಗೆ ಹೊಳಪು ಬೇಡ, ಏರುತಗ್ಗು ಮಾತ್ರ ಹೋಗಬೇಕು ಅಂದೆ. "ಹೊಳಪ ಬರ್ಲಿಲ್ಲಂದ್ರ ನನ್ ಹೆಸರು ಕೆಡ್ತದ್ರಿ" ಎಂದ. ಮಷೀನಿನ ಒರಟು ಸಾಣೆಕಲ್ಲಿನಿಂದ ಒಂದೇ ಸುತ್ತು ಹೊಡೆಸಿ ನಿಲ್ಲಿಸಿದೆ. ಗೆದ್ದೆ ಅಂದುಕೊಂಡೆ. ಮರುದಿನ ಜಾರ್ಜೆಟ್ ಸೀರೆಯ ಸೆರಗು ಎಳೆದು ನೋಡಿದರೆ ಎಳೆ ಕಿತ್ತುಬಂತು. ಅವನನ್ನೇ ಮತ್ತೆ ಕರೆಸಿ, ಅವನ ನಗು ನೋಡಿ, 900 ಹೆಚ್ಚು ಕೊಟ್ಟು ಇನ್ನೊಂದು ನಯ ಸುತ್ತು ಹೊಡೆಸಿದೆ. ಸೆರಗು ಎಳೆದರೆ ಎಳೆ ಕೀಳಬಾರದು, ಕೈ ಬಿಟ್ಟರೆ ಜಾರಬಾರದು, ಅಷ್ಟಕ್ಕೆ ನಿಲ್ಲಿಸಬೇಕು. ಎಷ್ಟನೇ ನಂಬರಿನ ಸಾಣೆಕಲ್ಲು ಎಂದು ಕೇಳಬೇಡಿ, ಸೆರಗು ತೆಗೆದುಕೊಂಡು ಪಕ್ಕದಲ್ಲೇ ನಿಲ್ಲಿ.

ಒಟ್ಟು ಖರ್ಚು ನೆನಪಿದ್ದಷ್ಟು: ಕಲ್ಲಿಗೆ 5,800, ಅಗೆತ ಮತ್ತು ಮರಂಗೆ 7,000ದ ಹತ್ತಿರ, ಗೌಂಡಿ ಮತ್ತು ಆಳಿಗೆ 5,000, ಸಿಮೆಂಟು ಉಸುಕು 4,700, ಪಾಲಿಶ್ಶಿಗೆ ಎರಡೂ ಸಲ ಸೇರಿ 2,900, ಅಂಚು ಕತ್ತರಿಸಿದ್ದು, ಟೆಂಪೋ ಅದೂ ಇದೂ. 27,000 ದಾಟಿತು. ಮೈದುನ ಒಳ್ಳೆಯ ಟೈಲ್ಸಿಗೆ 18,000 ಲೆಕ್ಕ ಕೊಟ್ಟಿದ್ದ, ಅದರಲ್ಲಿ ಅಗೆಯುವುದು ಇರಲಿಲ್ಲ. ಅಗೆಯದೆ ಹಾಕಿದ್ದರೆ ಅವನ ಟೈಲ್ಸೂ ಹಪ್ಪಳವೇ. ಜೊತೆಗೆ ಹನ್ನೆರಡು ದಿನ ಅಂಗಡಿ ಬಂದ್, ಅದೂ ಮದುವೆ ಹಂಗಾಮಿನಲ್ಲಿ. ಆ ಬ್ಲೌಸುಗಳ ಲೆಕ್ಕ ನಾನು ಹಾಕಿಲ್ಲ, ಹಾಕಿದರೆ ಹೊಟ್ಟೆ ಉರಿಯುತ್ತದೆ.

ಜುಕಿಗೆ ಈಗ ಕ್ಲಚ್ ಮೋಟರಿನಷ್ಟು ಅದುರದ ಸರ್ವೋ ಮೋಟರ್. ಅದರ ನಾಲ್ಕು ಕಾಲಿಗೂ ಲಾರಿ ಟ್ಯೂಬಿನ ಎರಡೆರಡು ತುಂಡು, ನಡುವೆ ಹಳೆ ಕಂಬಳಿಯ ಚೂರು. ಕಲ್ಲು ಗಟ್ಟಿ ನೆಲ, ಬರೀ ಇಟ್ಟರೆ ಸದ್ದು ಗೋಡೆಗೆಲ್ಲ ಹೋಗುತ್ತದೆ. ಸೈಕಲ್ ಟ್ಯೂಬು ಹಾಕಿ ನೋಡಿದ್ದೆ, ಎರಡು ತಿಂಗಳಿಗೆ ಹರಿಯಿತು. ಮಷೀನ್ ಎಣ್ಣೆ ಕಲ್ಲಿಗೆ ಬಿದ್ದರೆ ಒಳಗೆ ಇಳಿಯುತ್ತದೆ, ಇದು ಫರಸಿಯ ದೊಡ್ಡ ಐಬು. ಕೆಳಗೆ ಬಿಸ್ಕೀಟ್ ಡಬ್ಬಿಯ ಮುಚ್ಚಳ ಇಟ್ಟಿದ್ದೇನೆ. ಆದರೂ ಬಿದ್ದರೆ ಒರೆಸಬೇಡಿ, ಒರೆಸಿದಷ್ಟೂ ಹರಡುತ್ತದೆ. ಟೇಲರ್ ಚಾಕಿನ ಪುಡಿ ಸುರಿದು ರಾತ್ರಿ ಬಿಟ್ಟು ಬೆಳಿಗ್ಗೆ ಗುಡಿಸಿ. ಒಮ್ಮೆಗೆ ಹೋಗದಿದ್ದರೆ ಎರಡು ಸಲ.

ಇನ್ನೊಂದು ಐಬು ಚಳಿ. ಡಿಸೆಂಬರ್, ಜನವರಿಯಲ್ಲಿ ಮುಂಜಾನೆ ಕಾಲಿಟ್ಟರೆ ಝುಂ ಅನ್ನುತ್ತದೆ. ನಲವತ್ತು ದಾಟಿದ ಮೊಣಕಾಲು ನನ್ನದು. ಕೌದಿಯ ಉಳಿಕೆ ತುಂಡುಗಳಿಂದಲೇ ಎರಡು ದಿಂಬು ಹೊಲಿದುಕೊಂಡು ಮೊಣಕಾಲಿಗೆ ಕಟ್ಟಿಕೊಂಡು ಹೊಲಿಯುತ್ತೇನೆ. ಇದನ್ನು ನೋಡಿ ಗಿರಾಕಿಗಳು ನಗುತ್ತಾರೆ, ಇಬ್ಬರು ಕೊಂಡುಕೊಂಡೂ ಹೋದರು, ಜೋಡಿಗೆ 150. ಮೇ ತಿಂಗಳಿನಲ್ಲಿ ಮಾತ್ರ ಯಾರೂ ನಗುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಎದುರು ಮನೆಯ ಅಕ್ಕ, ನಮ್ಮ ಅತ್ತೆ, ಮಗಳು, ಬೆಕ್ಕು ಎಲ್ಲರೂ ನನ್ನ ಖೋಲಿಯ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಾರೆ. ಕೌದಿ ಹಾಸಲು ಜಾಗ ಬಿಡಿ ಎಂದು ನಾನೇ ಬೇಡಿಕೊಳ್ಳಬೇಕು.

ಕೆಲಸದ ಮಾತು ಕೇಳಿದರೆ, ಮೊದಲು ಪದರು ಹಾಸಿ ಕಚ್ಚಾ ಟಾಕಿ ಹಾಕಲು ಒಂದು ಇಡೀ ಮಧ್ಯಾಹ್ನ ಹೋಗುತ್ತಿತ್ತು, ಈಗ ಒಂದೂವರೆ ತಾಸು. ಈ ನಾಲ್ಕು ವರ್ಷದಲ್ಲಿ ಅರವತ್ತರ ಮೇಲೆ ಕೌದಿ ಹೋಗಿವೆ, ಓರೆ ಎಂದು ಒಂದೂ ವಾಪಸ್ ಬಂದಿಲ್ಲ. ನಾಲ್ಕು ಮಳೆಗಾಲ ಕಳೆದವು, ಒಂದು ಕಲ್ಲೂ ಎದ್ದಿಲ್ಲ.

ಬಾಗಿಲ ಹತ್ತಿರದ ಒಂದು ಕಲ್ಲು ಮಾತ್ರ ಶುರುವಿನಿಂದಲೂ ದಪ್ ಅನ್ನುತ್ತದೆ. ಏಳು ದಿನ ನೀರು ಕಟ್ಟಿ ಯಾರೂ ತುಳಿಯಬಾರದು ಎಂದು ಗೌಂಡಿ ಕಾಕಾ ಹೇಳಿ ಹೋಗಿದ್ದರು. ಎರಡನೇ ದಿನ ಮಳೆ ಹನಿಯಿತೆಂದು ಹೊರಗಿದ್ದ ಓವರ್‌ಲಾಕನ್ನು ಅದರ ಮೇಲಿಂದಲೇ ಒಳಗೆ ತಂದವರು ನಮ್ಮ ಮನೆಯವರು. ಅವರು ಒಪ್ಪುವುದಿಲ್ಲ, ಕಲ್ಲೇ ಹಾಗಿತ್ತು ಅನ್ನುತ್ತಾರೆ. ನಾಣ್ಯ ಬಡಿದು ಆರಿಸಿದವಳು ನಾನು, ನನಗೆ ಗೊತ್ತಿಲ್ಲವೇ! ಶರಣಬಸಪ್ಪನ ಜಾತ್ರೆ ಮುಗಿದ ಮೇಲೆ ಬಂದು ಎತ್ತಿ ಕೂರಿಸಿಕೊಡುತ್ತೇನೆ ಅಂದಿದ್ದಾರೆ ಕಾಕಾ. ಯಾವ ವರ್ಷದ ಜಾತ್ರೆ ಎಂದು ಹೇಳಿಲ್ಲ.